ಸಾರಥಿಯಿಲ್ಲದ ರಥಗಳು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯನ್ನೇರಿದ ಕನ್ನಡ ಪಂಡಿತರು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವುದು ವಾಡಿಕೆ. ಈ ವರ್ಷ ಆ ವಾಡಿಕೆಯನ್ನು ಬಿಡುವಂತೆ ನಮ್ಮನ್ನು ಒತ್ತಾಯಪಡಿಸಿದವರು ಸಂಘದ ತರುಣರು. ನಡೆಸುವವನಿಲ್ಲದೆ, ದೂರದಿಂದ ಯಾರೂ ಗುಂಡಿಯನ್ನೊತ್ತದೆ, ತಾನೇ ದಾರಿಯನ್ನು ಕಂಡು, ತಾನೇ ತಿರುಗಿ, ತಾನೇ ನಿಲ್ಲುವ ಸಣ್ಣದೊಂದು ಬಂಡಿಯನ್ನು ಅವರು ಕಟ್ಟಹೊರಟಿದ್ದಾರೆ. ಅಂಥ ಬಂಡಿಗಳಿಗಾಗಿ ಪಂದ್ಯಗಳು ನಡೆಯುತ್ತವೆ. ಅವುಗಳಲ್ಲಿ ಇಳಿಯಬೇಕೆಂಬುದು ಇವರ ಹಂಬಲ. ಹಿರಿಯರಿಂದ ಕೂಡಿಸಿದ ಹಣ ಕೈಯಲ್ಲಿದೆ. ಅದನ್ನು ಯಾವುದಕ್ಕೆ ವೆಚ್ಚಮಾಡಬೇಕೆಂಬಲ್ಲಿ ಎರಡು ಪಕ್ಷಗಳಾಗಿವೆ. ಬೆಲೆಬಾಳುವ ಲೇಸರ್ ಕಣ್ಣನ್ನೇ ಕೊಳ್ಳಬೇಕೆಂಬುದು ಒಂದು ಪಕ್ಷ. ಅಗ್ಗದ ಕ್ಯಾಮೆರಾ ಸಾಕು, ಉಳಿದ ಹಣಕ್ಕೆ ಬಲವಾದ ಗಣಕಯಂತ್ರ ಬರಲಿ ಎಂಬುದು ಇನ್ನೊಂದು. ವಾದವೆಲ್ಲವೂ ಮುಕ್ಕಾಲುಪಾಲು ಇಂಗ್ಲಿಷಿನಲ್ಲಿಯೂ ಕಾಲುಪಾಲು ತಮಿಳಿನಲ್ಲಿಯೂ ಸಾಗಿರುವುದರಿಂದ, ಹಣ ಕೊಟ್ಟ ಹಿರಿಯರಿಗೆ ಯಾವ ಪಕ್ಷದ ಮಾತೂ ತಿಳಿಯದಂತಾಗಿದೆ. ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಭಾರ ನಮ್ಮ ಮೇಲೆ ಬಿದ್ದಿತು.

ನಾವು ಯಂತ್ರಶಾಸ್ತ್ರವನ್ನು ಓದಿದವರಲ್ಲ. ಪಂದ್ಯಗಳಲ್ಲಿ ಗೆದ್ದ ಮತ್ತು ಸೋತ ತಂಡಗಳು ತಮ್ಮ ಬಂಡಿಗಳನ್ನು ಕುರಿತು ತಾವೇ ಬರೆದು ಪ್ರಕಟಿಸಿದ ವರದಿಗಳನ್ನು ನಿಘಂಟಿನ ನೆರವಿನಿಂದ ಓದಿದ್ದೇವೆ. ತಿಳಿಯದ ಕಡೆ, ಕಾರ್ಖಾನೆಗಳಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳನ್ನು ಕೇಳಿದ್ದೇವೆ. ಲಾರಿಗಳೂ ಮೋಟಾರು ಸೈಕಲುಗಳೂ ತಯಾರಾಗುವ ಈ ಹೊಸೂರಿನಲ್ಲಿ ಅಂಥವರಿಗೆ ಬರವಿಲ್ಲ. ಪುಷ್ಪಕವಿಮಾನವು ಮನಸ್ಸಿನಂತೆ ಚಲಿಸುತ್ತಿದ್ದುದರಿಂದ ಇದೆಲ್ಲವೂ ನಮ್ಮ ಪೂರ್ವಿಕರಿಗೆ ಗೊತ್ತಿತ್ತು ಎಂಬ ಮಾತನ್ನು ಮಾತ್ರ ತಾವು ನಮ್ಮಿಂದ ನಿರೀಕ್ಷಿಸಬಾರದು. ಉಪಮಾನ ಬೇಕಾದರೆ ನಮ್ಮ ಎತ್ತಿನ ಗಾಡಿಯೇ ಇದೆ. ಸಂತೆಯಿಂದ ರಾತ್ರಿ ಹಿಂದಿರುಗುವಾಗ ಗಾಡಿಯವನು ನಿದ್ದೆಹೋದರೂ ಎತ್ತುಗಳು ಗುಂಡಿಯನ್ನು ತಪ್ಪಿಸಿ, ಎದುರು ಬಂದ ಗಾಡಿಗೆ ದಾರಿಯನ್ನು ಬಿಟ್ಟು, ಮನೆಯ ಮುಂದೆ ಬಂದು ನಿಲ್ಲುತ್ತಿದ್ದುವು. ಗಾಡಿಗೆ ಇಂಜಿನನ್ನು ಹೂಡಿದ ದಿನ ಎತ್ತಿನ ಬಲವು ನೂರ್ಮಡಿಯಾಯಿತು. ಎತ್ತಿನ ಬುದ್ಧಿ ಹೊರಟುಹೋಯಿತು. ಆ ಬುದ್ಧಿಯನ್ನು ಮರಳಿ ತರುವುದು ಎಷ್ಟು ಕಷ್ಟವೆಂಬುದನ್ನು ಅಮೆರಿಕದವರು ಮರುಭೂಮಿಯಲ್ಲಿ ಕಂಡುಕೊಂಡರು.

ಆ ದೇಶದ ರಕ್ಷಣಾ ಇಲಾಖೆಗೆ ಸೇರಿದ ಡಾರ್ಪಾ ಎಂಬ ಸಂಶೋಧನ ಸಂಸ್ಥೆಯು ೨೦೦೪ರ ಮಾರ್ಚ್ ೧೩ರಂದು ಮೊಹಾವಿ ಮರುಭೂಮಿಯಲ್ಲಿ ಇಂಥದೊಂದು ಪಂದ್ಯವನ್ನು ನಡೆಸಿತು. ಕ್ಯಾಲಿಫೋರ್ನಿಯದ ಬಾರ್‌ಸ್ಟೋ ಎಂಬಲ್ಲಿಂದ ನೆವಾಡದ ಪ್ರಿಮ್‌ವರೆಗೆ ೧೪೨ ಮೈಲಿ ದೂರ. ಮೊದಲು ಮುಟ್ಟಿದವರಿಗೆ ಹತ್ತು ಲಕ್ಷ ಡಾಲರ್. ಯುದ್ಧಭೂಮಿಯ ವಾಹನಗಳಲ್ಲಿ ಆಳುಗಳಿರದಂತೆ ಮಾಡುವುದು ಇದರ ಮೂಲ ಉದ್ದೇಶವಾಗಿತ್ತೆಂಬುದನ್ನು ಮರೆಯಲಾಗದು. ಆದರೆ ಈ ವಿದ್ಯೆ ಇಂದು ವಿದ್ಯಾರ್ಥಿಗಳ ಮೇಜಿನ ಮೇಲಿದೆ, ಅಷ್ಟರಮಟ್ಟಿಗೆ ಸಮಾಧಾನ. ಅಂದು ಹದಿನೈದು ಬಂಡಿಗಳು ಸರದಿಯಲ್ಲಿ ನಿಂತುವು. ಒಂದೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ದೂರ ಹೋದ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಸ್ಯಾಂಡ್‌ಸ್ಟಾರ್ಮ್’ ಎಂಬ ಬಂಡಿಯು ಏಳೂವರೆ ಮೈಲಿಯೊಳಗೇ ಒಂದು ಕಡಿದಾದ ತಿರುವಿನಲ್ಲಿ ಅಂಚಿನಿಂದ ಜಾರಿ, ಹೊಟ್ಟೆಯೂರಿ ಕುಳಿತು, ಗಾಲಿಗಳನ್ನು ವೃಥಾ ತಿರುಗಿಸುತ್ತ ನಿಂತಿತು. ಎರಡು ಗಾಲಿಯ ಮೋಟಾರು ಸೈಕಲನ್ನೇ ಸವಾರನಿಲ್ಲದೆ ಓಡಿಸಹೊರಟ ಧೀರರೂ ಇದ್ದರು. ತನ್ನ ಸಮತೋಲವನ್ನು ತಾನೇ ಕಾಯ್ದುಕೊಳ್ಳುವ ಅದ್ಭುತವಾದ ಯಂತ್ರ ಅದು. ಹೊರಡುವ ಹೊತ್ತಿಗೆ ಆ ಸಮತೋಲದ ಗುಂಡಿಯನ್ನು ಒತ್ತಲು ಮರೆತುದರಿಂದ ಕೆಲವೇ ಅಡಿಗಳಲ್ಲಿ ಮಗುಚಿಬಿದ್ದಿತು.

ಇಲ್ಲಿ ಪದಗಳ ವಿಚಾರವನ್ನು ಹೇಳಿ ಮುಂದುವರಿಯಬೇಕು. ಹಾರ್ಡ್‌ವೇರ್, ಸಾಫ್ಟ್‌ವೇರ್ ಎಂಬುವಕ್ಕೆ ಕನ್ನಡದಲ್ಲಿ ಯಂತ್ರಾಂಶ, ತಂತ್ರಾಂಶ ಎಂಬ ಜೋಡಿಪದಗಳು ರೂಢಿಗೆ ಬಂದಿವೆ. ಪ್ರಾಸದ ಆಸೆಯಿಂದ ಹುಟ್ಟಿದ ಪದಗಳೆಂದು ಮೊದಲು ನಮಗೆ ತೋರಿತ್ತು. ಈ ಬಂಡಿಗಳ ಕಥೆಯನ್ನು ಓದಿದ ಮೇಲೆ ‘ಅಂಶ’ ಎಂಬ ಉತ್ತರಪದವೇ ಇವುಗಳ ಜೀವವೆನಿಸಿತು. ಒಂದೇ ಕೆಲಸವನ್ನು ಯಂತ್ರದಿಂದಲೂ ಮಾಡಬಹುದು, ತಂತ್ರದಿಂದಲೂ ಮಾಡಬಹುದು. ಎಷ್ಟು ಅಂಶ ಯಾವುದರ ಪಾಲಿಗೆ ಎಂಬುದನ್ನು ನಿರ್ಣಯಿಸುವುದೇ ಕಟ್ಟುವವನ ಮುಖ್ಯ ಕೆಲಸ.

ಬಂಡಿಗೆ ಲೋಕದ ತಿಳಿವು ಬರುವ ದಾರಿಗಳನ್ನು ನಮ್ಮ ನೈಯಾಯಿಕರ ಪ್ರಮಾಣಗಳ ಹೆಸರಿನಲ್ಲಿಯೇ ಹೇಳಬಹುದು: ಪ್ರತ್ಯಕ್ಷ, ಅನುಮಾನ, ಶಬ್ದ. ಲೇಸರ್, ಕ್ಯಾಮೆರಾ, ರಾಡಾರ್‌ಗಳು ಪ್ರತ್ಯಕ್ಷದ ಸಾಧನಗಳು. ಲೇಸರು ಬೆಳಕಿನ ಎಳೆಯನ್ನು ಎಸೆದು, ಅದು ತಗುಲಿ ಹಿಂದಿರುಗಲು ಹಿಡಿದ ಕಾಲದಿಂದ ದೂರವನ್ನು ಅಂಗುಲಗಳ ಲೆಕ್ಕದಲ್ಲಿ ಹೇಳುತ್ತದೆ. ಹಗಲಿರುಳೆಂಬ ಭೇದ ಅದಕ್ಕಿಲ್ಲ. ಆದರೆ ಎದ್ದ ಧೂಳನ್ನೂ ಗೋಡೆಯೆಂದು ಸಾರಿಬಿಡುತ್ತದೆ. ಕ್ಯಾಮೆರಾ ಬಹುದೂರ ನೋಡುತ್ತದೆ, ಬಣ್ಣವನ್ನು ಬಲ್ಲದು, ಅಗ್ಗ. ಆದರೆ ದೂರವನ್ನು ಅಳೆಯಲಾರದು, ಮರದ ನೆರಳನ್ನು ಕಂದಕವೆಂದು ಬೆದರುತ್ತದೆ. ರಾಡಾರು ಧೂಳನ್ನು ಭೇದಿಸಿ ನೋಡುತ್ತದೆ. ಅದರ ನೋಟ ಮಾತ್ರ ಒರಟು. ಇವಲ್ಲದೆ ಆಕಾಶದ ಉಪಗ್ರಹಗಳಿಂದ ‘ನೀನು ಇಂಥಲ್ಲಿದ್ದೀಯೆ’ ಎಂಬ ವಾರ್ತೆಯನ್ನು ಪಡೆಯುವ ಜಿಪಿಎಸ್ ಇದೆ. ಸುರಂಗದಲ್ಲಿ ಆ ವಾರ್ತೆ ನಿಂತುಹೋದಾಗ, ಕಣ್ಣುಕಟ್ಟಿದವನು ಹೆಜ್ಜೆಯೆಣಿಸಿ ನಡೆಯುವಂತೆ, ಗಾಲಿಯ ಸುತ್ತುಗಳನ್ನೂ ಮೈಯ ವಾಲುವಿಕೆಯನ್ನೂ ಎಣಿಸಿ ಊಹಿಸಬೇಕು, ಅದು ಅನುಮಾನ. ನಕ್ಷೆಯನ್ನೂ ಮುಂಚಿತವಾಗಿ ಬರೆದುಕೊಟ್ಟ ದಾರಿಯನ್ನೂ ನಂಬಿ ನಡೆಯುವುದು ಶಬ್ದಪ್ರಮಾಣ.

ಸೋಲಿನ ಮರುವರ್ಷ, ೨೦೦೫ರ ಅಕ್ಟೋಬರ್ ೮ರಂದು, ಅದೇ ಮರುಭೂಮಿಯಲ್ಲಿ ಎರಡನೆಯ ಪಂದ್ಯ. ದೂರ ೧೩೨ ಮೈಲಿ, ಬಹುಮಾನ ಇಮ್ಮಡಿ. ಇಪ್ಪತ್ತಮೂರು ಬಂಡಿಗಳಲ್ಲಿ ಐದು ಕೊನೆ ಮುಟ್ಟಿದುವು. ಮೊದಲನೆಯದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಸ್ಟ್ಯಾನ್ಲಿ’, ಸುಮಾರು ೬ ಗಂಟೆ ೫೪ ನಿಮಿಷ. ಅದಕ್ಕಿಂತ ಹನ್ನೊಂದು ನಿಮಿಷ ತಡವಾಗಿ ಕಾರ್ನೆಗಿ ಮೆಲನ್ನಿನ ಹಳೆಯ ಸ್ಯಾಂಡ್‌ಸ್ಟಾರ್ಮ್, ಅದರ ಬೆನ್ನಿಗೇ ಅವರದೇ ‘ಹೈಲ್ಯಾಂಡರ್’. ನಾಲ್ಕನೆಯದು ಯಾವ ಮಹಾವಿದ್ಯಾಲಯದ್ದೂ ಅಲ್ಲ. ಆ ವರ್ಷದ ಆಗಸ್ಟಿನ ಕತ್ರೀನಾ ಚಂಡಮಾರುತಕ್ಕೆ ಸಿಕ್ಕಿದ ನ್ಯೂ ಆರ್ಲಿಯನ್ಸ್ ಪ್ರದೇಶದ ಒಂದು ವಿಮಾ ಕಂಪನಿಯವರು ಕಟ್ಟಿದ ‘ಕ್ಯಾಟ್-೫’. ಸಣ್ಣವರೆಂದು ಹಿಂಜರಿಯುವ ನಮ್ಮ ಹುಡುಗರು ಈ ನಾಲ್ಕನೆಯವರ ಹೆಸರನ್ನು ನೆನಪಿಟ್ಟುಕೊಳ್ಳಲಿ.

ಕಾರ್ನೆಗಿ ಮೆಲನ್ನಿನವರೂ ಸ್ಟ್ಯಾನ್‌ಫರ್ಡಿನವರೂ ಮಾಡಿಕೊಂಡ ಆಯ್ಕೆಗಳನ್ನು ಹೋಲಿಸಿದರೆ ನಮ್ಮ ತರುಣರ ವಾದಕ್ಕೆ ಬೇಕಾದುದೆಲ್ಲ ಸಿಕ್ಕುತ್ತದೆ. ಪಂದ್ಯದ ದಾರಿಯ ಗುರುತುಗಳ ಪಟ್ಟಿಯನ್ನು ಹೊರಡುವ ಎರಡು ಗಂಟೆಗಳ ಮುಂಚೆಯಷ್ಟೇ ಕೊಡುತ್ತಿದ್ದರು; ಸುಮಾರು ಮೂರು ಸಾವಿರ ಬಿಂದುಗಳು. ಕಾರ್ನೆಗಿ ಮೆಲನ್ನಿನವರು ಆ ಎರಡು ಗಂಟೆಗಳಲ್ಲಿ ಜನರನ್ನು ಸಾಲಾಗಿ ಗಣಕಗಳ ಮುಂದೆ ಕೂರಿಸಿ, ಆಕಾಶದಿಂದ ತೆಗೆದ ಚಿತ್ರಗಳನ್ನು ನೋಡುತ್ತ, ಎಲ್ಲಿ ಎಷ್ಟು ವೇಗ, ಎಲ್ಲಿ ಎಷ್ಟು ಎಚ್ಚರ ಎಂಬುದನ್ನು ಮಾರ್ಗದುದ್ದಕ್ಕೂ ಬರೆದಿಟ್ಟರು. ಅವರ ಬಂಡಿಗಳಿಗೆ ಶಬ್ದಪ್ರಮಾಣವೇ ಮುಖ್ಯ. ಇನ್ನು ಕಣ್ಣಿನ ವಿಚಾರ. ಕಲ್ಲುದಾರಿಯಲ್ಲಿ ಬಂಡಿ ಕುಲುಕುತ್ತದೆ. ಬಂಡಿಯೊಡನೆ ಲೇಸರೂ ಕುಲುಕುತ್ತದೆ. ಇದಕ್ಕೆ ಅವರು ಯಂತ್ರದ ಪರಿಹಾರವನ್ನು ಹುಡುಕಿದರು: ಬಂಡಿ ಎಷ್ಟು ತೂಗಾಡಿದರೂ ಕಣ್ಣನ್ನು ನೆಟ್ಟಗೆ ಹಿಡಿದಿಡುವ ತೂಗುಪೀಠ. ದೀಪಾರಾಧನೆಯಲ್ಲಿ ಆರತಿ ಹಿಡಿದವನು ಜನರ ನೂಕಿನಲ್ಲಿಯೂ ತಟ್ಟೆಯನ್ನು ಅಲುಗಿಸದಿರುವಂತೆ. ಸೊಗಸಾದ ಯಂತ್ರವೇನೋ ಹೌದು. ಭಾರವಾದುದು, ಬೆಲೆಯುಳ್ಳದ್ದು, ಬಂಡಿ ಉರುಳಿದರೆ ಮೊದಲು ಮುರಿಯುವಂಥದು.

ಸ್ಟ್ಯಾನ್‌ಫರ್ಡಿನವರು ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಟುವಾರೆಗ್ ಕಾರೊಂದನ್ನು ತೆಗೆದುಕೊಂಡರು. ಚುಕ್ಕಾಣಿಯನ್ನೂ ಬ್ರೇಕನ್ನೂ ಗಣಕದ ಅಪ್ಪಣೆಗೆ ಒಳಪಡಿಸುವ ಕೆಲಸವನ್ನು ಆ ಕಂಪನಿಯ ಪ್ರಯೋಗಶಾಲೆಯವರೇ ಮಾಡಿಕೊಟ್ಟರು. ಮಾಡಿನ ಮೇಲೆ ಐದು ಲೇಸರುಗಳನ್ನು ಬೇರೆಬೇರೆ ಓರೆಯಲ್ಲಿ ಬಿಗಿಯಾಗಿ ಕೂರಿಸಿದರು, ಒಂದು ಕ್ಯಾಮೆರಾ, ಹಿಂಬದಿಯಲ್ಲಿ ಆರು ಪೆಂಟಿಯಂ ಗಣಕಗಳು. ತೂಗುಪೀಠವಿಲ್ಲ. ಕುಲುಕಾಟದ ಕೇಡನ್ನು ತಂತ್ರಾಂಶದಿಂದ ಕಳೆಯುತ್ತೇವೆಂದು ಹೊರಟರು.

ಆ ಕೇಡು ಯಾವುದೆಂಬುದನ್ನು ಸ್ವಲ್ಪ ನಿಧಾನಿಸಿ ನೋಡೋಣ. ಮಾಡಿನ ಮೇಲಿನ ಲೇಸರು ಇಪ್ಪತ್ತು ಮೀಟರು ಮುಂದಿನ ನೆಲವನ್ನು ಗೆರೆಯೆಳೆದಂತೆ ಅಳೆಯುತ್ತದೆ. ಬಂಡಿ ಮುಂದುವರಿದಂತೆ ಗೆರೆಗಳು ಸೇರಿ ನೆಲದ ಚಿತ್ರವಾಗುತ್ತದೆ. ಎರಡು ಗೆರೆಗಳ ನಡುವೆ ಬಂಡಿಯ ಮೂಗು ಕೂದಲೆಳೆಯಷ್ಟು ಮೇಲೆದ್ದುದು ಗಣಕದ ಅರಿವಿಗೆ ಬಾರದಿದ್ದರೆ, ಇಪ್ಪತ್ತು ಮೀಟರು ದೂರದಲ್ಲಿ ಆ ತಪ್ಪು ದೊಡ್ಡದಾಗಿ, ಸಮನೆಲದಲ್ಲಿ ಗೋಡೆಯೊಂದು ಎದ್ದಂತೆ ಕಾಣುತ್ತದೆ. ಹಗ್ಗದಲ್ಲಿ ಹಾವು! ಶಂಕರಾಚಾರ್ಯರ ದೃಷ್ಟಾಂತವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ಹುಡುಗರು ನಗುತ್ತಾರೆ; ಇಲ್ಲದ ಹಾವಿಗೆ ಹೆದರಿ ಪಕ್ಕಕ್ಕೆ ಹಾರಿದವನು ಇರುವ ಬಾವಿಗೆ ಬೀಳುತ್ತಾನೆಂಬುದು ಈ ಬಂಡಿಗಳ ವಿಷಯದಲ್ಲಿ ಅಕ್ಷರಶಃ ನಿಜ. ಇಲ್ಲದ ಗೋಡೆಯನ್ನು ತಪ್ಪಿಸಹೋಗಿ ಬಂಡಿ ಕಣಿವೆಯ ಅಂಚಿಗೆ ಇಳಿಯುತ್ತದೆ.

ಅವರು ಕಂಡುಕೊಂಡ ಉಪಾಯವಿದು. ಬಿಂದುಬಿಂದುವನ್ನೂ ಅಳತೆಯ ಕಾಲದೊಡನೆ ಬರೆದಿಟ್ಟರು. ಬಹುಮಟ್ಟಿಗೆ ಒಂದೇ ಕ್ಷಣದಲ್ಲಿ ಅಳೆದ ಎರಡು ಬಿಂದುಗಳ ಎತ್ತರದಲ್ಲಿ ಭೇದ ಕಂಡರೆ ಅದನ್ನು ನಂಬಬಹುದು. ನಡುವೆ ಕಾಲ ಸರಿದಿದ್ದರೆ, ಸರಿದಷ್ಟೂ ಸಂಶಯವನ್ನು ಹೆಚ್ಚಿಸಬೇಕು. ಎಷ್ಟು ಕಾಲಕ್ಕೆ ಎಷ್ಟು ಸಂಶಯ? ಇದನ್ನು ಲೆಕ್ಕಾಚಾರದಿಂದ ಊಹಿಸದೆ ಬಂಡಿಗೇ ಕಲಿಸಿದರು. ಅನುಭವಿಯಾದ ಚಾಲಕನೊಬ್ಬನು ಮರಳುಗಾಡಿನಲ್ಲಿ ಅದನ್ನು ನಡೆಸಿದನು. ಅವನ ಗಾಲಿ ಹರಿದ ನೆಲದಲ್ಲಿ ಗೋಡೆಯಿರಲಾರದಷ್ಟೆ? ಅಂಥ ನೆಲದಲ್ಲಿ ಗಣಕ ಗೋಡೆಯನ್ನು ಕಂಡರೆ ಅದು ಭ್ರಾಂತಿ. ಭ್ರಾಂತಿ ಕಡಿಮೆಯಾಗುವವರೆಗೆ ಸಂಶಯದ ಪ್ರಮಾಣವನ್ನು ತಿದ್ದುತ್ತ ಹೋದರು. ಹಾಗೆ ತಿದ್ದಿದ ಮೇಲೆ ಶೇಕಡ ೧೨.೬ರಷ್ಟಿದ್ದ ಭ್ರಾಂತಿ ಶೇಕಡ ೦.೦೦೨ಕ್ಕೆ ಇಳಿಯಿತೆಂದು ಅವರೇ ಬರೆದಿದ್ದಾರೆ. ಹೊಸ ಕಣ್ಣನ್ನು ಕೊಳ್ಳಲಿಲ್ಲ. ಇದ್ದ ಕಣ್ಣನ್ನು ಎಲ್ಲಿ ಎಷ್ಟು ನಂಬಬೇಕೆಂಬುದನ್ನು ಅರಿತುಕೊಂಡರು. ಇಷ್ಟು ವರದಿಗಳಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ ಪುಟ ಇದು.

ಕ್ಯಾಮೆರಾವನ್ನು ಬಳಸಿದ ರೀತಿಯೂ ಇದಕ್ಕೆ ಸರಿಸಾಟಿಯಾದುದು. ಲೇಸರಿನ ನೋಟ ಸುಮಾರು ೨೨ ಮೀಟರಿಗೆ ಮುಗಿಯುತ್ತದೆ. ಅಷ್ಟೇ ಕಾಣುವ ಬಂಡಿ ಗಂಟೆಗೆ ೨೫ ಮೈಲಿಗಿಂತ ಹೆಚ್ಚು ವೇಗದಲ್ಲಿ ಹೋದರೆ ಅಪಾಯ. ಕ್ಯಾಮೆರಾ ಬಹುದೂರ ನೋಡಬಲ್ಲದಾದರೂ ಯಾವುದು ದಾರಿಯೆಂಬುದನ್ನು ಅರಿಯದು. ಆದುದರಿಂದ ಲೇಸರನ್ನು ಗುರುವಾಗಿಯೂ ಕ್ಯಾಮೆರಾವನ್ನು ಶಿಷ್ಯನಾಗಿಯೂ ಮಾಡಿದರು. ‘ಈ ಹತ್ತಿರದ ನೆಲ ಸಮವಾಗಿದೆ’ ಎಂದು ಲೇಸರು ತೋರಿಸುತ್ತದೆ. ಅದರ ಬಣ್ಣವನ್ನು ಕ್ಯಾಮೆರಾ ಗುರುತುಮಾಡಿಕೊಂಡು, ಅದೇ ಬಣ್ಣ ದೂರದಲ್ಲಿ ಎಲ್ಲಿಯವರೆಗೆ ಹಬ್ಬಿದೆಯೆಂದು ನೋಡುತ್ತದೆ. ಮಣ್ಣಿನ ದಾರಿ ಮುಗಿದು ಜಲ್ಲಿಯ ದಾರಿ ಬಂದರೆ ಹೊಸ ಬಣ್ಣದ ಪಾಠ ಆ ಕ್ಷಣವೇ ಆರಂಭ. ದೂರದವರೆಗೆ ದಾರಿ ತೆರವೆಂದು ಶಿಷ್ಯ ಹೇಳಿದರೆ ವೇಗವನ್ನು ಹೆಚ್ಚಿಸುವುದು. ಸಂಶಯವೆಂದರೆ ಗುರುವಿನ ನೋಟದೊಳಗೆ ನಿಲ್ಲುವಷ್ಟು ಇಳಿಸುವುದು. ಚುಕ್ಕಾಣಿಯ ಅಧಿಕಾರವನ್ನು ಮಾತ್ರ ಶಿಷ್ಯನಿಗೆ ಕೊಡಲಿಲ್ಲ.

ತಂತ್ರಾಂಶದ ಒಟ್ಟು ವ್ಯವಸ್ಥೆಯನ್ನು ಕುರಿತು ಒಂದು ಮಾತು. ಸ್ಟ್ಯಾನ್ಲಿಯಲ್ಲಿ ಸುಮಾರು ಮೂವತ್ತು ಬಿಡಿ ಕಾರ್ಯಕ್ರಮಗಳು ಏಕಕಾಲದಲ್ಲಿ ನಡೆಯುತ್ತಿದ್ದುವು. ಅವುಗಳ ಮೇಲೆ ಯಜಮಾನನಿರಲಿಲ್ಲ. ಪ್ರತಿಯೊಂದೂ ತನ್ನ ವಾರ್ತೆಯನ್ನು ಕಾಲದ ಮುದ್ರೆಯೊಡನೆ ಸಾರುತ್ತದೆ, ಬೇಕಾದವು ಕೇಳಿಸಿಕೊಳ್ಳುತ್ತವೆ. ಎಲ್ಲವುಗಳ ಆರೋಗ್ಯವನ್ನು ಕಾಯುತ್ತ, ಕುಸಿದುದನ್ನು ಮತ್ತೆ ಎಬ್ಬಿಸಲು ಒಂದು ಕಾವಲು. ಇಂದು ವಿದ್ಯಾರ್ಥಿಗಳಿಗೆ ಉಚಿತವಾಗಿ ದೊರೆಯುವ ‘ರಾಸ್’ ಎಂಬ ತಂತ್ರಾಂಶವೂ ಇದೇ ಬಗೆಯ ಸಾರುವ-ಕೇಳುವ ಏರ್ಪಾಡಿನ ಮೇಲೆ ನಿಂತಿದೆ.

೨೦೦೭ರ ನವೆಂಬರ್ ೩ರ ಪಂದ್ಯ ಮರುಭೂಮಿಯಲ್ಲಲ್ಲ; ವಿಕ್ಟರ್‌ವಿಲ್ಲಿನ ಹಳೆಯ ವಾಯುನೆಲೆಯ ಬೀದಿಗಳಲ್ಲಿ, ಇತರ ವಾಹನಗಳ ನಡುವೆ, ರಸ್ತೆಯ ನಿಯಮಗಳನ್ನು ಪಾಲಿಸಿ ನಡೆಯಬೇಕಾಗಿತ್ತು. ಹನ್ನೊಂದರಲ್ಲಿ ಆರು ಮುಗಿಸಿದುವು. ಅಷ್ಟು ಹೊತ್ತಿಗೆ ಹೊಸ ಕಣ್ಣೊಂದು ಬಂದಿತ್ತು. ಧ್ವನಿವರ್ಧಕಗಳನ್ನು ಮಾಡುವ ವೆಲೊಡೈನ್ ಕಂಪನಿಯ ಹಾಲ್ ಸಹೋದರರು ಹಿಂದಿನ ಪಂದ್ಯಗಳಲ್ಲಿ ತಾವೇ ಸ್ಪರ್ಧಿಸಿ, ಅದರ ಅನುಭವದಿಂದ ೬೪ ಲೇಸರುಗಳನ್ನು ಒಂದು ಬುರುಡೆಯಲ್ಲಿಟ್ಟು ಗಿರಗಿರನೆ ತಿರುಗಿಸುವ ಯಂತ್ರವನ್ನು ಮಾಡಿದ್ದರು. ಅದರ ಬೆಲೆ ಸುಮಾರು ಎಪ್ಪತ್ತೈದು ಸಾವಿರ ಡಾಲರ್! ಮುಗಿಸಿದ ಆರರಲ್ಲಿ ಐದು ಬಂಡಿಗಳ ನೆತ್ತಿಯ ಮೇಲೆ ಅದಿತ್ತು. ಆದುದರಿಂದ ಯಂತ್ರಾಂಶವೇನೂ ಮುಖ್ಯವಲ್ಲವೆಂದು ನಾವು ಹೇಳುವಂತಿಲ್ಲ. ಒಳ್ಳೆಯ ಕಣ್ಣು ಒಳ್ಳೆಯ ಕಣ್ಣೇ. ಗಣಕಗಳ ವಿಷಯ ಮಾತ್ರ ಬೇರೆ. ಎಂ.ಐ.ಟಿ.ಯವರ ಬಂಡಿಯಲ್ಲಿ ನಲವತ್ತು ತಿರುಳುಗಳ ಗಣಕಸಮೂಹ, ಹದಿನೈದು ರಾಡಾರು, ಐದು ಕ್ಯಾಮೆರಾ; ಅವಕ್ಕೆ ವಿದ್ಯುತ್ತನ್ನೂ ತಂಪನ್ನೂ ಒದಗಿಸಲು ಪ್ರತ್ಯೇಕ ಯಂತ್ರಗಳು. ಸ್ಟ್ಯಾನ್‌ಫರ್ಡಿನ ‘ಜೂನಿಯರ್’ ಎರಡು ಗಣಕಗಳಲ್ಲಿ ಎಲ್ಲವನ್ನೂ ಸಾಗಿಸಿತು. ಎರಡೂ ಕೊನೆ ಮುಟ್ಟಿದುವು. ಎರಡನೆಯ ಬಹುಮಾನ ಜೂನಿಯರಿಗೆ ಬಂದಿತು. ಗೆದ್ದುದು ಕಾರ್ನೆಗಿ ಮೆಲನ್ನಿನ ‘ಬಾಸ್’. ಅದಕ್ಕೂ ಹೊರಡುವ ಹೊತ್ತಿಗೆ ವಿಘ್ನ ಬಂದಿತ್ತು: ಪ್ರೇಕ್ಷಕರಿಗಾಗಿ ನಿಲ್ಲಿಸಿದ್ದ ದೊಡ್ಡ ಟೆಲಿವಿಷನ್ ತೆರೆಯಿಂದ ಜಿಪಿಎಸ್ಸಿನ ಸಂಕೇತ ಕೆಟ್ಟು, ತೆರೆಯನ್ನು ಆರಿಸುವವರೆಗೆ ಬಂಡಿ ನಿಂತಲ್ಲಿಯೇ ಇತ್ತು.

ಈಚಿನದೊಂದು ಪಂದ್ಯ ಈ ವಾದವನ್ನು ಬೇರೊಂದು ರೀತಿಯಲ್ಲಿ ಪರೀಕ್ಷಿಸಿತು. ೨೦೨೧ರ ಅಕ್ಟೋಬರ್ ೨೩ರಂದು ಇಂಡಿಯಾನಾಪೊಲಿಸಿನಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಡಲ್ಲಾರಾ ಕಾರನ್ನು, ಒಂದೇ ಬಗೆಯ ಕಣ್ಣುಗಳನ್ನು ಕೊಟ್ಟರು. ಭೇದವೆಲ್ಲ ತಂತ್ರಾಂಶದಲ್ಲಿಯೇ. ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದವರು ಗಂಟೆಗೆ ಸುಮಾರು ೨೧೮ ಕಿಲೋಮೀಟರ್ ಸರಾಸರಿ ವೇಗದಲ್ಲಿ ಗೆದ್ದರು.

ಇನ್ನು ನಮ್ಮ ಅಳವಿಗೆ ಬರೋಣ. ನಿಜವಾದ ಕಾರಿನ ಹತ್ತನೆಯ ಒಂದು ಪಾಲಿನಷ್ಟು ದೊಡ್ಡ ಬಂಡಿಗಳ ಪಂದ್ಯವನ್ನು ೨೦೧೬ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ಮೊದಲುಮಾಡಿದರು. ಆಟದ ಕಾರಿನ ಅಡಿಗಟ್ಟು, ಅಂಗೈಯಗಲದ ಗಣಕ, ಒಂದೇ ಸಮತಲದಲ್ಲಿ ಸುತ್ತ ನೋಡುವ ಲೇಸರು ಅವರ ಸಾಮಗ್ರಿ. ಅದಕ್ಕೆ ಕಲಿಸುವ ಮೊದಲ ಪಾಠ ಜಾತ್ರೆಯ ಜಂಗುಳಿಯಲ್ಲಿ ನಾವೆಲ್ಲರೂ ಮಾಡುವುದೇ: ಅತಿ ಹತ್ತಿರದ ಅಡ್ಡಿಯಿಂದ ಮೈಯನ್ನು ಉಳಿಸಿಕೊಂಡು, ಅತಿ ಅಗಲವಾದ ತೆರಪಿನತ್ತ ನುಗ್ಗುವುದು. ಇದಕ್ಕೆ ಬೃಹತ್ ಗಣಕ ಬೇಡ. ‘ಡಾಂಕಿ ಕಾರ್’ ಎಂಬ ಇನ್ನೊಂದು ಬಗೆಯಲ್ಲಿ ಇರುವುದು ಒಂದು ಕ್ಯಾಮೆರಾ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕ. ಹುಡುಗನು ಹತ್ತಾರು ಸುತ್ತು ತಾನೇ ನಡೆಸಿ ತೋರಿಸುತ್ತಾನೆ. ಬಂಡಿ ಅವನ ಕೈಯನ್ನು ಅನುಕರಿಸಲು ಕಲಿಯುತ್ತದೆ. ಮರಳಿನ ಮೇಲೆ ಅಕ್ಷರ ತಿದ್ದಿಸಿದಂತೆ. ಆದರೆ ಬೆಳಗಿನ ಬಿಸಿಲಿನಲ್ಲಿ ತಿದ್ದಿದುದು ಸಂಜೆಯ ನೆರಳಿನಲ್ಲಿ ಮರೆತುಹೋಗುತ್ತದೆ. ತಿದ್ದಿಸಿದವನ ವಕ್ರವೂ ಅಕ್ಷರದಲ್ಲಿ ಉಳಿಯುತ್ತದೆ.

ನಮ್ಮ ಅಭಿಪ್ರಾಯವನ್ನು ಕೇಳಿದಿರಾದುದರಿಂದ ಹೇಳುತ್ತೇವೆ: ಲೇಸರಿನ ಪಕ್ಷವೇ ಮೇಲು, ಆದರೆ ಸಾಧಾರಣ ಬೆಲೆಯ ಲೇಸರು. ಗಣಕದಲ್ಲಿ ಹಣವನ್ನು ಉಳಿಸಬಹುದು. ಉಳಿದುದರಲ್ಲಿ ಬಿಡಿ ಬ್ಯಾಟರಿಗಳೂ ಬಿಡಿ ಗಾಲಿಗಳೂ ಬರಲಿ. ಏಕೆಂದರೆ ಅವಿಲ್ಲದೆ ಪರೀಕ್ಷೆ ನಿಲ್ಲುತ್ತದೆ, ಪರೀಕ್ಷೆ ನಿಂತರೆ ಯಾವ ಕಣ್ಣನ್ನು ಎಷ್ಟು ನಂಬಬೇಕೆಂಬುದು ಎಂದಿಗೂ ತಿಳಿಯದು. ಪ್ರತಿ ಓಟದ ಅಳತೆಗಳನ್ನೂ ದಾಖಲೆಮಾಡಿ, ಮಳೆಗಾಲದ ಸಂಜೆಗಳಲ್ಲಿ ಕೋಣೆಯೊಳಗೆ ಕುಳಿತು ಅದೇ ಓಟವನ್ನು ಗಣಕದಲ್ಲಿ ಮತ್ತೆಮತ್ತೆ ಓಡಿಸಿ ನೋಡುವ ಸೌಲಭ್ಯ ರಾಸ್‌ನಲ್ಲಿದೆ. ಅದಕ್ಕೆ ಕಾಸು ಬೇಡ, ತಾಳ್ಮೆ ಬೇಕು.

ಕೊನೆಗೆ ಹೈಲ್ಯಾಂಡರಿನ ಕಥೆಯೊಂದು ಉಳಿದಿದೆ. ೨೦೦೫ರಲ್ಲಿ ಅದು ಎಲ್ಲರಿಗಿಂತ ಮುಂದಿತ್ತು. ನಡುದಾರಿಯಲ್ಲಿ ಇಂಜಿನಿನ ಬಲ ಕುಗ್ಗಿ, ದಿಬ್ಬಗಳಲ್ಲಿ ತಡವರಿಸುತ್ತ, ಸ್ಟ್ಯಾನ್ಲಿಗೆ ದಾರಿಬಿಟ್ಟಿತು. ಕಾರಣವನ್ನು 
ಕಟ್ಟಿದವರಾರೂ ಕಂಡುಹಿಡಿಯಲಾರದೆಹೋದರು. ಪಂದ್ಯಕ್ಕೆ ಕೆಲವು ವಾರಗಳ ಮುಂಚೆ ಪರೀಕ್ಷೆಯ ಓಟದಲ್ಲಿ ಆ ಬಂಡಿ ಒಮ್ಮೆ ಉರುಳಿಬಿದ್ದಿತ್ತು; ಎಲ್ಲವನ್ನೂ ದುರಸ್ತಿಮಾಡಿದ್ದರು, ಅಥವಾ ಹಾಗೆಂದು ಭಾವಿಸಿದ್ದರು. ಹನ್ನೆರಡು ವರ್ಷಗಳ ಮೇಲೆ, ೨೦೧೭ರಲ್ಲಿ, ಹಳೆಯ ಗೆಳೆಯರು ಸೇರಿದ್ದಾಗ ಬಂಡಿಯ ಇಂಜಿನನ್ನು ಚಾಲೂಮಾಡಿ ಸುತ್ತ ನಿಂತಿದ್ದರು. ಇಂಜಿನಿನ ನಿಯಂತ್ರಕಕ್ಕೂ ಇಂಧನವನ್ನು ಚಿಮ್ಮುವ ಭಾಗಕ್ಕೂ ನಡುವೆ ವಿದ್ಯುತ್ತನ್ನು ಸೋಸುವ ಒಂದು ಪುಟ್ಟ ಡಬ್ಬಿಯಿದೆ. ಅದಕ್ಕೆ ಒಬ್ಬರ ಕಾಲು ಒತ್ತಿತು, ಇಂಜಿನು ಆರಿಹೋಯಿತು.